ಹಸನ ಮಾಡಿದ ಗುಡ್ಡ

ಉರ್ದು ನಾಲ್ಕನೆಯ ಇಯತ್ತೆ ಪಾಸಾದ ಗಂಡಸು ನಮ್ಮೂರಲ್ಲಿ ನಾನೊಬ್ಬನೇ ಇದ್ದೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನಿಜಾಮರ ಸೀಮೆ, ಕಚೇರಿಯ ಕಾಗದ, ಕೋರ್ಟಿನ ಸಮನ್ಸು, ಶಾಲೆಯ ಪಾಠ ಎಲ್ಲವೂ ಉರ್ದುವಿನಲ್ಲೇ. ಊರಿಗೊಂದು ಕಾಗದ ಬಂತೆಂದರೆ ಜನ ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ. ಅರ್ಥವಾಗದ ಶಬ್ದ ಬಂದರೆ ಅದನ್ನು ಇನ್ನೂ ಜೋರಾಗಿ ಓದುತ್ತಿದ್ದೆ. ಆ ಸೊಕ್ಕಿನ ಮೇಲೆಯೇ ನನಗೆ ಅಡವಿ ಕಾಯುವ ಜವಾನನ ಕೆಲಸ ಸಿಕ್ಕಿತು. ಅಡವಿ ನೋಡಿಕೊಳ್ಳುವ ಕಚೇರಿಗೆ ನಮ್ಮ ಜನ ಜಂಗ್ಲಾತು ಅನ್ನುತ್ತಿದ್ದರು. ಖಾಕಿ ಅಂಗಿ, ಹಿತ್ತಾಳೆ ಬಿಲ್ಲೆ, ಕೈಯಲ್ಲೊಂದು ಬಡಿಗೆ. ನನಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ನಮ್ಮೂರು ಇದ್ದದ್ದು ಗಂಗಾವತಿಗೂ ಕೊಪ್ಪಳಕ್ಕೂ ನಡುವೆ, ಗಾಡಿ ದಾರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಈ ಕಡೆಯ ಗುಡ್ಡವೆಂದರೆ ಬಂಡೆಯೇ. ಆದರೆ ನಮ್ಮ ಗುಡ್ಡದ ಪಡುವಣ ಮಗ್ಗುಲಲ್ಲಿ ಬಂಡೆಗಳ ಸಂದಿಗೆ ಮಣ್ಣು ನಿಂತು ಅಡವಿ ಬೆಳೆದಿತ್ತು. ದೂರದವರು ಬೇಸಿಗೆಯಲ್ಲಿ ನೋಡಿದರೆ ಇದಕ್ಕೂ ಅಡವಿ ಅನ್ನುತ್ತಾರಾ ಎಂದು ನಕ್ಕಾರು. ಎಲೆ ಉದುರಿಸಿಕೊಂಡು, ಮುಳ್ಳು ತೋರಿಸಿಕೊಂಡು, ಸತ್ತಂತೆ ನಿಂತಿರುತ್ತಿತ್ತು. ಒಂದು ಮಳೆ ಬಿದ್ದರೆ ಸಾಕು, ಆಮೇಲೆ ಬಂದು ನೋಡಬೇಕು. ಮುತ್ತಲ, ಕಮರ, ದಿಂಡಲ, ತುಮರಿ, ಕಕ್ಕಿ, ಮಸವಾಳ, ಕವಳಿ, ಬಾರಿ. ನಮ್ಮವ್ವ ಹೆಸರು ಹೇಳುತ್ತಾ ಹೋದರೆ ಕೈಬೆರಳು ಮುಗಿದು ಕಾಲ್ಬೆರಳಿಗೆ ಬರಬೇಕಾಗುತ್ತಿತ್ತು. ಯಾವುದರ ಎಲೆ ದನಕ್ಕೆ, ಯಾವುದರ ತೊಗಟೆ ಹೊಟ್ಟೆನೋವಿಗೆ, ಯಾವುದರ ಕಟ್ಟಿಗೆ ನೇಗಿಲಿಗೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನನಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಅಡವಿ ಕಾಯುವ ಜವಾನನಿಗೆ ಗಿಡದ ಹೆಸರು ಯಾಕೆ, ಕಾಗದ ಓದಲು ಬಂದರೆ ಸಾಕು ಅಂದುಕೊಂಡಿದ್ದೆ.

ಅವ್ವ ಪತ್ರಾವಳಿ ಹಚ್ಚಿ ನನ್ನನ್ನು ಬೆಳೆಸಿದವಳು. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿದ್ದ. ಅವಳೂ ಓಣಿಯ ಹತ್ತಾರು ಹೆಂಗಸರೂ ಬೆಳಗಿನ ಜಾವ ಗುಡ್ಡಕ್ಕೆ ಹೋಗಿ ಮುತ್ತಲ ಎಲೆ ಹರಿದು ತರುತ್ತಿದ್ದರು. ಎಲೆಗಳನ್ನು ಒಂದರ ಮೇಲೊಂದು ಒತ್ತಿ, ಮೇಲೆ ಕಲ್ಲು ಹೇರಿ, ಹದಕ್ಕೆ ಬಂದ ಮೇಲೆ ಕಡ್ಡಿ ಚುಚ್ಚಿ ದುಂಡಗೆ ಹಚ್ಚುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಜೋಳ ಬೆಳೆಯುತ್ತದೆ, ಗಿಡ ಇಲ್ಲ. ಅಲ್ಲಿ ಮದುವೆಯಾಗಲಿ ತಿಥಿಯಾಗಲಿ, ಉಣ್ಣಲು ಕೂತವರ ಮುಂದಿನ ಎಲೆ ನಮ್ಮ ಗುಡ್ಡದಿಂದಲೇ ಹೋಗಬೇಕು. ಪತ್ರಾವಳಿ ಹೊತ್ತು ಹೋದ ಗಾಡಿ ಜೋಳದ ಚೀಲ ಹೊತ್ತು ಬರುತ್ತಿತ್ತು. ನಮ್ಮ ಓಣಿಗೆ ಹೊಲ ಅಂತ ಇದ್ದದ್ದು ಆ ಗುಡ್ಡ ಒಂದೇ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಜಂಗ್ಲಾತಿನ ದೊಡ್ಡ ಸಾಹೇಬರ ಕಣ್ಣು ನಮ್ಮ ಗುಡ್ಡದ ಮೇಲೆ ಬಿತ್ತು. ಅವರು ಬಡಗಣದ ಹಿಮದ ಬೆಟ್ಟಗಳನ್ನು ನೋಡಿ ಬಂದವರು. ಅಲ್ಲಿ ಚೀಡ್ ಅನ್ನುವ ಗಿಡ, ಒಂದೇ ಜಾತಿ, ಕಣ್ಣು ಹಾಯುವವರೆಗೂ ಸೆಟೆದು ನಿಂತಿರುತ್ತದಂತೆ. ಅದಕ್ಕೆ ಎಲೆಯ ಬದಲು ಸೂಜಿಯಂತೆ. ಅಂಥ ಅಡವಿ ಇಲ್ಲಿಯೂ ಆಗಬೇಕೆಂದು ಅವರ ಆಸೆ. ಚೀಡಿನ ಬೀಜ ತರಿಸಿ, ಗುಡ್ಡದ ಬುಡದ ಬಾವಿಯ ಹತ್ತಿರ ಕುಂಡಗಳಲ್ಲಿ ಹಾಕಿಸಿದರು. ಬೆರಳುದ್ದ ಬಂದವು. ಯುಗಾದಿಯ ಬಿಸಿಲಿಗೆ ಒಂದೂ ಉಳಿಯದೆ ಸುಟ್ಟುಹೋದವು. ಸಾಹೇಬರು ಸೋಲುವ ಕುಳವಲ್ಲ, ಸಮುದ್ರದ ಸೀಮೆಯಿಂದ ಸರ್ವೆಯ ಸಸಿ ತರಿಸಿದರು. ಅದರ ಎಲೆಯೂ ಸೂಜಿಯಂತೆ, ಕಾಯಿಯೂ ನೋಡಲು ಚೀಡಿನ ಕಾಯಿಯ ಮರಿಯಂತೆ. ಸರ್ವೆ ಆ ಕುಲದ್ದೇ ಅಲ್ಲ, ನೋಡಲು ಮಾತ್ರ ಹಾಗೆ ಎಂದು ಬಹಳ ವರ್ಷದ ಮೇಲೆ ಓದಿದವರೊಬ್ಬರು ನನಗೆ ಹೇಳಿದರು. ನಮ್ಮೂರವರಿಗೆ ಅದೆಲ್ಲ ಯಾಕೆ ಬೇಕು, ಅವರು ಎರಡಕ್ಕೂ ಸೂಜಿಗಿಡ ಎಂದೇ ಹೆಸರಿಟ್ಟರು. ಪಡುವಣ ಮಗ್ಗುಲನ್ನು ಪೂರಾ ಕಡಿದು, ಬೇರು ಕಿತ್ತು, ಸಾಲುಸಾಲಾಗಿ ಸೂಜಿಗಿಡ ಹಚ್ಚುವುದೆಂದು ಕಾಗದವಾಯಿತು. ಆ ಕಾಗದವನ್ನು ಊರಿಗೆ ಓದಿ ಹೇಳಿದವನೂ ನಾನೇ.

ಅವತ್ತು ಅವ್ವ ಕೇಳಿದ್ದು ಒಂದೇ ಮಾತು. "ಸೂಜಿ ಹಚ್ಚಿ ಪತ್ರೋಳಿ ಮಾಡಾಕ ಬರತೈತೇನೋ ತಮ್ಮಾ?"

ಹೆಂಗಸರೆಲ್ಲ ನಕ್ಕರು. ಅವಳು ನಗಲಿಲ್ಲ.

ದೊಡ್ಡ ಸಾಹೇಬರ ಕೈಕೆಳಗೆ ಇನ್ನೊಬ್ಬ ಸಾಹೇಬರಿದ್ದರು. ತೆಳ್ಳನೆಯ ಮನುಷ್ಯ, ಮಾತು ಮೆತ್ತಗೆ, ಕನ್ನಡದ ಒಂದಕ್ಷರ ಬಾರದು. ಕುದುರೆ ಇಳಿದರೆಂದರೆ ಅರ್ಧ ದಿನ ಗುಡ್ಡದ ಮೇಲೆ ಮೊಣಕಾಲೂರಿ ಕೂತು ನೆಲ ನೋಡುತ್ತಿದ್ದರು. ಇವರಿಗೆ ತಲೆಗಿಲೆ ಕೆಟ್ಟಿದೆಯೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದದ್ದು ಸಸಿಗಳನ್ನು. ಈ ಗುಡ್ಡಕ್ಕೆ ಯಾರೂ ಏನೂ ಹಚ್ಚುವುದು ಬೇಡ, ಆಡು ಕುರಿ ತಡೆದು ಸುಮ್ಮನೆ ಬಿಟ್ಟರೆ ತಾನೇ ತುಂಬಿಕೊಳ್ಳುತ್ತದೆ ಎಂಬುದು ಅವರ ವಾದ. ಮೇಲಿನವರ ಜೊತೆ ಜಗಳವಾಡುವ ಜಾತಿಯವರಲ್ಲ. ಬರೆದು ಬರೆದು, ಕೇಳಿ ಕೇಳಿ, ಕೊನೆಗೆ ಒಂದು ಪರೀಕ್ಷೆಗೆ ಒಪ್ಪಿಗೆ ತಂದರು. ಗುಡ್ಡದ ಬುಡದಲ್ಲಿ ಅಕ್ಕಪಕ್ಕ ಎರಡು ಪಟ್ಟಿ, ಸುತ್ತ ತಂತಿ ಬೇಲಿ. ಒಂದನ್ನು ಬೋಳು ಮಾಡಿ ಸೂಜಿಗಿಡ ಹಚ್ಚುವುದು. ಇನ್ನೊಂದನ್ನು ಮುಟ್ಟದೆ ಬಿಡುವುದು. ಮೂರು ಮಳೆಗಾಲ ಕಳೆದ ಮೇಲೆ ಬಿಟ್ಟ ಪಟ್ಟಿಯಲ್ಲಿ ಎಷ್ಟು ಸಸಿ, ಎಷ್ಟು ಜಾತಿ ತಾವಾಗಿ ಬಂದಿವೆ ಎಂದು ಎಣಿಸುವುದು. ಸಾಕಷ್ಟು ಬಂದಿದ್ದರೆ ಗುಡ್ಡಕ್ಕೆ ಕೊಡಲಿ ಹಾಕುವುದಿಲ್ಲ, ಹೆಂಗಸರಿಗೆ ಎಲೆ ಹರಿಯಲು ಅಡ್ಡಿಯಿಲ್ಲ. ಬಂದಿರದಿದ್ದರೆ ಇಡೀ ಮಗ್ಗುಲು ಸೂಜಿಗಿಡಕ್ಕೆ. ಎರಡು ಪಟ್ಟಿಗೂ ಕಾವಲು ನಾನು.

ಈ ತೆಳ್ಳನೆಯ ಸಾಹೇಬರು ಆ ಬಿಟ್ಟ ಪಟ್ಟಿಗೆ ಖುದ್‌ರೂ ಪಟ್ಟಿ ಅನ್ನುತ್ತಿದ್ದರು. ಖುದ್‌ರೂ ಅಂದರೆ ತಾನಾಗಿ ಹುಟ್ಟಿ ಬೆಳೆದದ್ದು. ಅವರ ಬಾಯಲ್ಲಿ ಆ ಶಬ್ದ ಎಷ್ಟು ಚೆಂದ ಕೇಳುತ್ತಿತ್ತೆಂದರೆ ನಾನೂ ಅದನ್ನೇ ಕಲಿತೆ. ಊರಲ್ಲಿ ಖುದ್‌ರೂ ಖುದ್‌ರೂ ಎಂದು ಓಡಾಡಿದ್ದೇ ಓಡಾಡಿದ್ದು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಹೇಳಿದ್ದರೂ ಸುಲಭವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಮ್ಮ ಕಡೆ ಹೊಲದಲ್ಲಿ ಬಿತ್ತದೆ ತಾನಾಗಿ ಹುಟ್ಟಿದ್ದಕ್ಕೆಲ್ಲ ಇರುವುದು ಒಂದೇ ಹೆಸರು, ಕಸ. ಅದನ್ನು ಕಿತ್ತು ಹಾಕುವವನು ಒಳ್ಳೆಯ ಒಕ್ಕಲಿಗ, ಬಿಡುವವನು ಮೈಗಳ್ಳ.

ಮೊದಲನೆಯ ಮಳೆಗಾಲ ಪಟ್ಟಿಯಲ್ಲಿ ಬರೀ ಹುಲ್ಲು ಬಂತು. ನನಗೆ ನಿರಾಸೆಯಾಯಿತು. ಎರಡನೆಯ ಮಳೆಗೆ ಹುಲ್ಲಿನ ಬುಡದಲ್ಲಿ ಏನೇನೋ ಕಾಣತೊಡಗಿತು. ಸಾಹೇಬರು ಬಂದಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು. ಕವಳಿ ಮುಳ್ಳಿನ ಪೊದೆಯೊಳಗೆ ಆಡು ಬಾಯಿ ಹಾಕಲಾರದ ಕಡೆ ತುಮರಿ ಮೊಳೆತಿತ್ತು. ಮುಳ್ಳೇ ಅದರ ದಾದಿ ಅಂದರು. ಕಮರದ ಸಸಿ ಗೇಣುದ್ದ ಬೆಳೆದು ಬೇಸಿಗೆಗೆ ಒಣಗಿಹೋಗುತ್ತಿತ್ತು. ಸತ್ತಿತು ಅಂದೆ. ಇಲ್ಲ, ಅದು ಕೆಳಗೆ ಬೆಳೆಯುತ್ತಿದೆ, ಬೇರು ನೀರು ಹುಡುಕಿಕೊಂಡ ಮೇಲೆ ಮೇಲೆ ಬರುತ್ತದೆ, ಅದಕ್ಕೆ ಅವಸರವಿಲ್ಲ ಅಂದರು. ಮೂರನೆಯ ಮಳೆಗೆ ಅದೇ ಬುಡದಿಂದ ಜೋಡಿ ಎಲೆ ಒಡೆದಾಗ ನನ್ನ ಎದೆ ಅರಳಿತು. ಬೆಳಿಗ್ಗೆ ಎದ್ದವನೇ ಪಟ್ಟಿಗೆ ಓಡಿ ಹೋಗಿ ಎಣಿಸುತ್ತಿದ್ದೆ. ಹೆಸರು ಗೊತ್ತಿಲ್ಲದ ಸಸಿಯ ಒಂದೆಲೆ ಕಿತ್ತು ತಂದು ಅವ್ವನಿಗೆ ತೋರಿಸುತ್ತಿದ್ದೆ. ಅವಳು ಮೂಸಿ ನೋಡಿ ಹೆಸರು ಹೇಳುತ್ತಿದ್ದಳು. ಯಾಕೆ ಕೇಳುತ್ತೀ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕಚೇರಿಯ ವಿಷಯ ಹೆಂಗಸರಿಗೆ ಯಾಕೆ ಎಂಬ ಧಿಮಾಕು. ಸಾಹೇಬರು ಎರಡು ಪಟ್ಟಿ ನೋಡಿ ಯಾವುದು ಛಲೋ ಐತೋ ಅದರಂತೆ ಗುಡ್ಡದ ತೀರ್ಮಾನ ಮಾಡ್ತಾರ ಎಂದಷ್ಟೇ ಓಣಿಗೆ ಗೊತ್ತಿತ್ತು.

ಪಕ್ಕದ ಸೂಜಿಗಿಡದ ಪಟ್ಟಿಯಾದರೋ ಕಣ್ಣು ಕುಕ್ಕುವಂತಿತ್ತು. ಅದನ್ನು ನೋಡಿಕೊಳ್ಳಲು ದೊಡ್ಡ ಸಾಹೇಬರು ಬೇರೆ ಒಬ್ಬ ಮೇಸ್ತ್ರಿಯನ್ನು ಇಟ್ಟಿದ್ದರು. ಆಳುಗಳು ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದರು. ತಿಂಗಳಿಗೊಮ್ಮೆ ಕುರ್ಪಿಯಿಂದ ಬುಡ ಕೆರೆದು, ಒಂದು ಹುಲ್ಲುಕಡ್ಡಿ ಉಳಿಸದೆ, ಅಂಗಳ ಗುಡಿಸಿದ ಹಾಗೆ ಇಡುತ್ತಿದ್ದರು. ನಮ್ಮ ಪಟ್ಟಿ ಪಕ್ಕದಲ್ಲಿ ತಲೆ ಬಾಚದವರ ಹಾಗೆ ನಿಂತಿತ್ತು. ಎಲೆ ಹರಿಯಲು ಹೋಗುವ ಹೆಂಗಸರು ದಿನಾ ಎರಡನ್ನೂ ನೋಡಿಕೊಂಡು ಹೋಗುತ್ತಿದ್ದರು. ಮೇಸ್ತ್ರಿ ಬೇಲಿಯಾಚೆಯಿಂದ ಅಣಕಿಸುತ್ತಿದ್ದ. "ಏನಬೇ, ನಿಮ್ಮ ಪಟ್ಟಿಯೊಳಗ ಹಾವು ಮರಿ ಹಾಕ್ಯಾವಂತಲ್ಲ?" ಅವ್ವನ ಮುಖ ಕೆಂಪಾಗುತ್ತಿತ್ತು. ಮನೆಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ಸರಕಾರದ ಪಗಾರ ತಿಂತೀ, ಒಂದಿನಾರ ಕುರ್ಪಿ ಹಿಡೀಬಾರದೇನು? ಮಂದಿ ನಗತಾರ."

"ನಿನಗ ತಿಳಿಯಂಗಿಲ್ಲ ಬಿಡವ್ವಾ. ಅದು ಖುದ್‌ರೂ" ಅಂದೆ. ಅಷ್ಟೇ ಅಂದೆ.

ಮೂರನೆಯ ಮಳೆಗಾಲ ಮುಗಿಯಿತು. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಯುದ್ಧ ಶುರುವಾಗಿತ್ತು, ಅದರ ಸುದ್ದಿ ಕೊಪ್ಪಳದವರೆಗೆ ಬಂದಿತ್ತು. ದಸರೆ ಕಳೆದ ಮೇಲೆ ನನ್ನನ್ನು ಕೊಪ್ಪಳದ ಕಚೇರಿಗೆ ಕರೆಸಿದರು. ಪಟ್ಟಿಗಳ ನಕಾಶೆಯ ಮೇಲೆ ಉರ್ದುವಿನಲ್ಲಿ ಹೆಸರು ಬರೆಯಬೇಕಾಗಿತ್ತು. ಎಂಟು ದಿನ ಅಲ್ಲಿಯೇ ಇದ್ದೆ. ಕುರ್ಚಿಯ ಮೇಲೆ ಕೂತು ಬರೆಯುವ ಜವಾನ ಇಡೀ ಸೀಮೆಯಲ್ಲಿ ನಾನೊಬ್ಬನೇ ಎಂದು ಬೀಗಿಹೋಗಿದ್ದೆ. ನಾಲ್ಕನೆಯ ದಿನ ಸಾಹೇಬರು ಕರೆದು ಹೇಳಿದರು, ಇನ್ನು ನಾಲ್ಕು ದಿನಕ್ಕೆ ಮುಆಯಿನೆ, ಅಂದರೆ ತಪಾಸಣೆ. ನೀನು ನನ್ನ ಜೊತೆಯಲ್ಲೇ ಬಾ. ಅಲ್ಲಿಯವರೆಗೆ ಆಡು ಕುರಿ ನುಗ್ಗದಂತೆ ಊರಿಗೆ ಹೇಳಿ ಕಳಿಸು. ಆಮೇಲೆ ತಮ್ಮ ಮೆತ್ತನೆಯ ಧ್ವನಿಯಲ್ಲಿ ಅಂದರು: "ಖುದ್‌ರೂ ಪಟ್ಟೀ ಅಚ್ಛೀ ಹಾಲತ್ ಮೇ ರಖೀ ಜಾಯೆ." ಪಟ್ಟಿ ಒಳ್ಳೆಯ ಸ್ಥಿತಿಯಲ್ಲಿ ಇರಲಿ ಎಂದು ಅರ್ಥ.

ಅವತ್ತೇ ಕೊಪ್ಪಳದ ಸಂತೆಯಲ್ಲಿ ನಮ್ಮೂರಿನ ಗಾಡಿಯವನೊಬ್ಬ ಸಿಕ್ಕ. ಎತ್ತು ಹೂಡಿ ಹೊರಟವನನ್ನು ನಿಲ್ಲಿಸಿದೆ. ಪಟ್ಟಿಯೊಳಗೆ ಯಾರೂ ಕಾಲಿಡಬೇಡಿ, ಮುಟ್ಟಬೇಡಿ ಎಂದು ಹೇಳು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಸಾದಾ ಮಾತು ಹೇಳಲು ನನ್ನ ನಾಲಿಗೆಗೆ ಮನಸ್ಸು ಬರಲಿಲ್ಲ. ಸಾಹೇಬರ ವಾಕ್ಯವನ್ನು ಸಾಹೇಬರ ಗತ್ತಿನಲ್ಲೇ ತಿರುಗಿಸಬೇಕಾಗಿತ್ತು ನನಗೆ.

"ನಮ್ಮವ್ವಗ ಹೇಳು. ಸಾಹೇಬ್ರು ನಾಕು ದಿನಕ್ಕ ತಪಾಸಕ್ಕ ಬರ್ತಾರ. ಆಡು ಕುರಿ ಒಳಗ ಬಿಡಬಾರದು. ಪಟ್ಟಿ ಹಸನಾಗಿ ಇರಬೇಕಂತ ಸಾಹೇಬ್ರ ಹುಕುಂ ಆಗೈತಿ."

"ಹಸನಾಗಿ ಇರಬೇಕು. ಹೇಳ್ತೀನ್ರಿ" ಎಂದು ಅವನು ಹಗ್ಗ ಜಗ್ಗಿದ.

ನಮ್ಮ ಮಾತಿನಲ್ಲಿ ಹಸನಾಗಿ ಅಂದರೆ ಚೆನ್ನಾಗಿ. ಆದರೆ ಅಕ್ಕಿ ಹಸನ ಮಾಡು ಅಂದರೆ ಕಲ್ಲು ಆರಿಸು. ಹೊಲ ಹಸನ ಮಾಡು ಅಂದರೆ ಕಸ ಕೀಳು. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು. ಗಾಡಿಯವನು ತಪ್ಪು ಹೇಳಲಿಲ್ಲ, ಅವ್ವ ತಪ್ಪು ಕೇಳಲಿಲ್ಲ. ಇಡೀ ಊರು ಆ ಶಬ್ದಕ್ಕೆ ಯಾವ ಅರ್ಥ ಕೊಡುತ್ತದೋ ಅದನ್ನೇ ಅವಳು ಕೊಟ್ಟಳು.

ತಪಾಸಣೆಯ ದಿನ ಸಾಹೇಬರು ಕುದುರೆಯ ಮೇಲೆ, ದೊಡ್ಡ ಸಾಹೇಬರ ಕಚೇರಿಯ ಗುಮಾಸ್ತ ಗಾಡಿಯಲ್ಲಿ, ನಾನು ಮುಂದೆ ನಡೆದು ದಾರಿ ತೋರಿಸುತ್ತಾ ಗುಡ್ಡದ ಬುಡಕ್ಕೆ ಬಂದೆವು. ಬೇಲಿಯ ಬಾಗಿಲಿಗೆ ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಹೆಂಗಸರೆಲ್ಲ ತೊಳೆದ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ನಮ್ಮವ್ವ ಎಲ್ಲರಿಗಿಂತ ಮುಂದೆ. ಏನೋ ಆಗಿದೆ ಎಂದು ನನಗೆ ಅನ್ನಿಸಿತು, ಏನು ಅಂತ ತಿಳಿಯಲಿಲ್ಲ. ಬಾಗಿಲು ದಾಟಿದೆ.

ಪಟ್ಟಿ ಗುಡಿಸಿದಂತಿತ್ತು. ದೊಡ್ಡ ಮುತ್ತಲ, ದೊಡ್ಡ ದಿಂಡಲ, ಎರಡು ಕಮರದ ಮರ ಹಾಗೇ ನಿಂತಿದ್ದವು. ಅವುಗಳ ಬುಡಕ್ಕೆ ದುಂಡಗೆ ಪಾತಿ ಮಾಡಿದ್ದರು. ನಡುವೆ ಕೆಂಪು ನೆಲ, ಕುರ್ಪಿಯ ಗೆರೆ, ಕಸಬರಿಗೆಯ ಗೆರೆ. ಕವಳಿಯ ಪೊದೆ ಒಂದಿಲ್ಲ. ಬೇಲಿಯ ಆಚೆ ಆಳೆತ್ತರದ ಗುಪ್ಪೆ ಬಾಡುತ್ತಾ ಬಿದ್ದಿತ್ತು. ಅದರಲ್ಲಿ ತುಮರಿ, ಕಕ್ಕಿ, ಮಸವಾಳ, ನಾನು ದಿನಾ ಬೆಳಿಗ್ಗೆ ಎಣಿಸುತ್ತಿದ್ದದ್ದೆಲ್ಲ ಇತ್ತು. ಗೇಣುದ್ದದ ಕಮರದ ಸಸಿಗಳಿಗೆ ಮೊಳ ಮೊಳ ಉದ್ದದ ಬೇರು, ಅದೂ ತುದಿ ಹರಿದದ್ದು. ಬಡಿಗೆ ಊರಿಕೊಂಡು ನಿಂತೆ.

ಅವ್ವ ಕೈಮುಗಿದು ಸಾಹೇಬರ ಮುಂದೆ ಬಂದಳು. "ನೋಡ್ರಿ ಸಾಹೇಬ್ರ, ಹೆಂಗ ಹಸನ ಮಾಡೀವಿ. ಮೂರು ದಿನ ಗುಡ್ಡಕ್ಕ ಎಲಿಗಿ ಹೋಗಿಲ್ರಿ ನಾವು. ಬೇರಂತೂ ಕಿತ್ತು ಕಿತ್ತು ರಟ್ಟಿ ಬಿದ್ದು ಹೋಗ್ಯಾವ. ಆ ಪಟ್ಟಿಗಿಂತ ನಮ್ಮದು ಛಲೋ ಐತೋ ಇಲ್ಲೋ ನೀವ ಹೇಳ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. ಮುದುಕಿ ಏನು ಹೇಳುತ್ತಿದ್ದಾಳೆ ಎಂದು ಕೇಳಿದರು.

ಆ ಹೊತ್ತಿಗೆ ನಿಜ ಹೇಳಬಹುದಾಗಿತ್ತು. ತಪ್ಪು ಇವರದಲ್ಲ, ನನ್ನ ಮಾತಿನದು ಎಂದು ಗುಮಾಸ್ತನಿಗೆ ಕೇಳುವ ಹಾಗೆ ಹೇಳಬಹುದಾಗಿತ್ತು. ಆದರೆ ಬೇಲಿಯೊಳಗಿನ ಸಸಿ ಕೀಳುವುದು ಗುನ್ಹೆ. ಹೆಂಗಸರ ಮೇಲೆ ಮುಕದ್ದಮೆ ಆದೀತು ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ನನ್ನ ಬಿಲ್ಲೆಯದು, ಸುಳ್ಳು ಯಾಕೆ ಹೇಳಲಿ.

"ಸಲಾಂ ಹೇಳ್ತಿದ್ದಾಳೆ ಹುಜೂರ್" ಅಂದೆ ಉರ್ದುವಿನಲ್ಲಿ.

ಸಾಹೇಬರು ಗುಪ್ಪೆಯ ಕಡೆ ನೋಡಿದರು, ರಂಗೋಲಿಯ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ಹಣೆಗೆ ಕೈ ಹಚ್ಚಿ ನಮ್ಮವ್ವನಿಗೆ ಸಲಾಂ ಮಾಡಿದರು. ಅವ್ವ ನಾಚಿ ಸೆರಗು ಎಳೆದುಕೊಂಡಳು, ಹಿಂದಿದ್ದ ಹೆಂಗಸರ ಮುಖ ಅರಳಿತು.

ಎಣಿಕೆ ಮಾಡಲೇಬೇಕಾಗಿತ್ತು. ಗುಮಾಸ್ತ ಕಾಗದ ಬಿಚ್ಚಿ ಕೂತ. ನೆಲದ ಮೇಲೆ ಇದ್ದದ್ದನ್ನಷ್ಟೇ ಬರೆಯುವವನು ಅವನು, ಬೇಲಿಯಾಚೆಯ ಗುಪ್ಪೆ ಅವನ ಕೆಲಸವಲ್ಲ. ಸಾಹೇಬರು ಮೂಲೆ ಮೂಲೆ ಬಗ್ಗಿ ಹುಡುಕಿದರು. ಇಡೀ ಪಟ್ಟಿಯಲ್ಲಿ ಸಿಕ್ಕಿದ್ದು ಐದೋ ಆರೋ ಸಸಿ, ಬಡಗಣ ಮೂಲೆಯ ಬಂಡೆಯ ಹಿಂದೆ. ಅಷ್ಟನ್ನು ಬರೆಸುವಾಗ ಒಂದೊಂದರ ಹೆಸರನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ಸೂಜಿಗಿಡದ ಪಟ್ಟಿಗೆ ಹೋದರು. ಅಲ್ಲಿ ಹಚ್ಚಿದವುಗಳಲ್ಲಿ ಬಹಳಷ್ಟು ಬದುಕಿದ್ದವು, ತಲೆಯ ಮಟ್ಟಕ್ಕೆ ಬಂದಿದ್ದವು. ಗುಮಾಸ್ತ ಅದನ್ನೂ ಬರೆದುಕೊಂಡ. ಸೂಜಿಗಿಡದ ಬುಡದಲ್ಲಿ ಬೇರೆ ಏನು ಹುಟ್ಟಿದೆ ಎಂದು ಬರೆಯಲು ಅವನ ಕಾಗದದಲ್ಲಿ ಜಾಗವಿರಲಿಲ್ಲ.

ಹೊರಡುವಾಗ ಸಾಹೇಬರ ಕುದುರೆಯ ಪಕ್ಕದಲ್ಲಿ ನಡೆಯುತ್ತಾ ಅಂದೆ, "ಇನ್ನೊಂದು ಮಳೆಗಾಲ ಬಿಟ್ಟರೆ ಮತ್ತೆ ಬಂದಾವು ಹುಜೂರ್." ಅವರು ಲಗಾಮು ಎಳೆದು ಪಟ್ಟಿಯ ಕಡೆ ತಿರುಗಿ ನೋಡಿದರು. ಬರುತ್ತವೆ, ಬರುವುದು ಅವುಗಳ ಕೆಲಸ. ಆದರೆ ನಮಗೆ ಇನ್ನೊಂದು ಮಳೆಗಾಲ ಯಾರು ಕೊಡುತ್ತಾರೆ ಅಂದರು. ಯಾರು ಹೇಳಿ ಕಳಿಸಿದ್ದು ಎಂದು ಅವರು ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಆರು ತಿಂಗಳಿಗೆ ಅವರಿಗೆ ಬೇರೆ ಕಡೆ ವರ್ಗವಾಯಿತು.

ಮರುಚಳಿಗಾಲಕ್ಕೆ ಗುಡ್ಡಕ್ಕೆ ಕೊಡಲಿ ಬಿತ್ತು. ಯುದ್ಧದಿಂದ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುವ ಕಾಲ. ನಮ್ಮ ದಿಂಡಲ, ನಮ್ಮ ಕಮರ ಎಲ್ಲ ಅಲ್ಲಿಯೇ ಸುಟ್ಟು ಇದ್ದಿಲಾಗಿ ಚೀಲದಲ್ಲಿ ಇಳಿದು ಹೋದವು. ಕಡಿದ ಬುಡ ಮತ್ತೆ ಚಿಗುರುತ್ತದೆಂದು ಬೇರನ್ನೂ ಅಗೆದರು. ಒಂದೊಂದು ಮುತ್ತಲ ಬುಡ ಅಗೆಯಲು ಇಬ್ಬಿಬ್ಬರು ಆಳಿಗೆ ದಿನ ಹಿಡಿಯುತ್ತಿತ್ತು. ಅಗೆಯುವವರನ್ನು ಕಾಯುತ್ತಾ ನಿಂತವನು ನಾನು. ನನ್ನ ಕೆಲಸಕ್ಕೇನೂ ಆಗಲಿಲ್ಲ. ಮೇಲಾಗಿ ಬಡ್ತಿಯೂ ಸಿಕ್ಕಿತು.

ಸೂಜಿಗಿಡ ಹಚ್ಚಿದರು. ಪಟ್ಟಿಯಲ್ಲಿ ನೀರು ಹೊತ್ತು ಹಾಕಿದ ಹಾಗೆ ಗುಡ್ಡಕ್ಕೆಲ್ಲ ಹಾಕಲು ಯಾರಿದ್ದಾರೆ? ಮೇಲಿನ ಸಾಲು ಒಣಗಿದವು, ಮತ್ತೆ ಹಚ್ಚಿದರು, ಮತ್ತೆ ಒಣಗಿದವು. ಬುಡದ ಸಾಲು ಬದುಕಿತು. ಅದರೊಳಗೆ ನಡೆದರೆ ಕಾಲಿಗೆ ಸೂಜಿಯ ಹಾಸು, ಕಿವಿಗೆ ಗಾಳಿಯ ಸುಯ್ಯೆನ್ನುವ ಸದ್ದು. ಹುಲ್ಲಿಲ್ಲ, ಮುಳ್ಳಿಲ್ಲ. ಕವಳಿ ಹಣ್ಣಿಗೆ ಬರುತ್ತಿದ್ದ ಹಕ್ಕಿಗಳಿಲ್ಲ, ಅವು ಬೀಜ ತಂದು ಉದುರಿಸುವುದೂ ಇಲ್ಲ. ನಾನು ವರ್ಷಗಟ್ಟಲೆ ಅದರೊಳಗೆ ಗಸ್ತು ತಿರುಗಿದೆ. ಮಳೆ ಬಿದ್ದ ಮರುವಾರ ಹಳೆಯ ಚಟಕ್ಕೆ ಬಗ್ಗಿ ಬಗ್ಗಿ ನೋಡುತ್ತಿದ್ದೆ, ಒಂದು ಮೊಳಕೆಯೂ ಕಾಣುತ್ತಿರಲಿಲ್ಲ. ಸೂಜಿಗಿಡದ ಮರಿ ಕೂಡ ತಾನಾಗಿ ಹುಟ್ಟುತ್ತಿರಲಿಲ್ಲ.

ಪತ್ರಾವಳಿ ಹಚ್ಚುವ ಕೆಲಸ ನಿಂತಿತು. ಓಣಿಯ ಹೆಂಗಸರು ಸುಗ್ಗಿಯಲ್ಲಿ ಯಲಬುರ್ಗಾದ ಕಡೆ ಜೋಳ ಕೊಯ್ಯಲು ಕೂಲಿಗೆ ಹೊರಟರು. ತಮ್ಮ ಕೈಯಿಂದ ಎಲೆ ಕಳಿಸುತ್ತಿದ್ದ ಊರುಗಳಲ್ಲೇ ಬಗ್ಗಿ ದುಡಿದರು. ಅವ್ವನೂ ಎರಡು ವರ್ಷ ಹೋದಳು. ನಾನು ಬೇಡವೆಂದರೂ ಕೇಳಲಿಲ್ಲ. ಆಮೇಲೆ ಸೊಂಟ ಬಿದ್ದು ಮನೆ ಹಿಡಿದಳು.

ನಿಜಾಮರ ಆಳಿಕೆ ಮುಗಿಯುವ ಹೊತ್ತಿಗೆ ಅವಳು ಹಾಸಿಗೆಯಲ್ಲಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದವಳು ಬಟ್ಟಲು ಸರಿಸಿದಳು.

"ತಮ್ಮಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಗುಡ್ಡ ಹೋಗಿದ್ದು ನನ್ನಿಂದ."

ಯಾರು ಹೇಳಿದರು ಇವಳಿಗೆ ಅಂದುಕೊಂಡೆ. ಇಷ್ಟು ವರ್ಷ ನಾನು ಹಲ್ಲು ಕಚ್ಚಿ ನುಂಗಿಕೊಂಡದ್ದು ಇವಳಿಗೆ ಹೇಗೆ ತಿಳಿಯಿತು?

"ಕಡೀ ದಿನ ಮೊಳಕಾಲು ಭಾಳ ನೋಯಾಕ ಹತ್ತಿತ್ತು. ಬಡಗಣ ಮೂಲಿ ಬಂಡೆಗಲ್ಲ ಹಿಂದಿಂದು ನಾನು ಹಸನ ಮಾಡ್ತೀನಿ, ನೀವು ಹೋಗ್ರಿ ಅಂತ ಅವರಿಗೆಲ್ಲ ಹೇಳಿದ್ದೆ. ಮಾಡಲಿಲ್ಲ. ಐದಾರು ಸಸಿ ಹಂಗ ಬಿಟ್ಟು ಬಂದೆ. ಯಾರ ನೋಡ್ತಾರ ಅಂದ್ಕೊಂಡೆ. ಸಾಹೇಬ್ರು ಅಲ್ಲೇ ಹೋಗಿ ಬಗ್ಗಿ ನೋಡಿದ್ರಲ್ಲೋ. ನೋಡಿ ಬರಿಸಿದ್ರು. ಇಷ್ಟು ಮಂದಿ ಅನ್ನ ನನ್ನ ಮೈಗಳ್ಳತನಕ್ಕ ಹೋತು."

ನಾನು ಬಾಯಿ ತೆರೆದೆ. ಆ ಐದಾರೇ ಅವ್ವಾ ನಮ್ಮ ಕಡೆಯಿಂದ ಸಾಕ್ಷಿ ಹೇಳಿದವು ಎಂದು ಹೇಳಬೇಕಾಗಿತ್ತು. ಅದನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕು. ಮೂರು ದಿನ ಬೆನ್ನು ಬಗ್ಗಿಸಿ ಕಿತ್ತದ್ದೆಲ್ಲ ಏನಾಗಿತ್ತು ಎಂದು ಹೇಳಬೇಕು, ಹಾಗೆ ಕೀಳಿಸಿದ ಮಾತು ಯಾರದು ಎಂದು ಹೇಳಬೇಕು. ಸಣ್ಣ ಭಾರ ಇಳಿಸಲು ಹೋಗಿ ಅವಳ ಎದೆಯ ಮೇಲೆ ಇಡೀ ಗುಡ್ಡ ಹೊರಿಸಬೇಕು. ಅವಳಿಗಾಗಿ ಸುಮ್ಮನಾದೆನೋ, ಆಗಲೂ ನನ್ನ ಮಾನಕ್ಕಾಗಿ ಸುಮ್ಮನಾದೆನೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

"ಸಾಹೇಬ್ರು ಅದನ್ನೇನು ಮನಸ್ಸಿಗೆ ಹಚ್ಚಿಕೊಂಡಿಲ್ಲವ್ವಾ" ಅಂದೆ.

"ನಿನಗ ತಿಳಿಯಂಗಿಲ್ಲ" ಅಂದಳು. "ಅವರು ನನಗ ಸಲಾಂ ಮಾಡಿದಾಗ ಆ ಮೂಲಿ ಇನ್ನೂ ನೋಡಿರಲಿಲ್ಲ."